ಕಪ್ಪೆ ಯಾವಾಗ ಬೇರೆಯಾಯ್ತು, ಜವರ?

ಒಂದೂರು. ಊರಿಗೊಂದು ಕಾಲೇಜು. ಕಾಲೇಜಿಗೊಂದು ಮ್ಯೂಸಿಯಂ. ಮ್ಯೂಸಿಯಮ್ಮಿಗೊಬ್ಬಳು ಸಾಕಮ್ಮ. ಸಾಕಮ್ಮನಿಗೊಬ್ಬ ಮಗ. ಇಷ್ಟೇ ಆಗಿದ್ದರೆ ಹೇಳುವುದಕ್ಕೆ ಕತೆಯೇ ಇರುತ್ತಿರಲಿಲ್ಲ. ಆದರೆ ಮಗ ಪೆದ್ದ.

ಪೆದ್ದ ಅಂದರೆ ಓದು ಬರಹ ಬಾರದವನಲ್ಲ. ಜವರನಿಗೆ ಇಪ್ಪತ್ತೊಂಬತ್ತು ವರ್ಷ, ಟೈಪಿಂಗು ಪಾಸು, ಕಂಪ್ಯೂಟರ್ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದ. ಹೇಳಿದ ಮಾತು ಮೀರುತ್ತಿರಲಿಲ್ಲ. ಅದೇ ಅವನ ಕಾಯಿಲೆ. "ಹಾಲು ಉಕ್ಕೀತು, ನೋಡ್ತಿರು" ಅಂದರೆ ನೋಡುತ್ತಲೇ ಇದ್ದು, ಒಲೆಯೆಲ್ಲ ಹಾಲಾದ ಮೇಲೆ, "ಉಕ್ತು ಕಣವ್ವ, ಚೆನ್ನಾಗಿ ನೋಡ್ದೆ" ಅನ್ನುವನು.

ಸಾಕಮ್ಮ ಪ್ರಾಣಿಶಾಸ್ತ್ರದ ಮ್ಯೂಸಿಯಮ್ಮಿನಲ್ಲಿ ಮೂವತ್ತು ವರ್ಷದಿಂದ ಅಟೆಂಡರು. ಬಾಟಲಿಯೊಳಗಿನ ಹಾವು ಚೇಳು ಕಪ್ಪೆಗಳನ್ನು ಮಕ್ಕಳ ಹಾಗೆ ನೋಡಿಕೊಂಡವಳು. ಮಕ್ಕಳಿಗಿಂತ ವಾಸಿ, ಅವು ಎದುರು ಮಾತಾಡುತ್ತಿರಲಿಲ್ಲ. ತಿಂಗಳ ಕೊನೆಗೆ ಅವಳಿಗೆ ನಿವೃತ್ತಿ. ತನ್ನ ಜಾಗಕ್ಕೆ ಮಗ ಬಂದರೆ ಅವನ ಬಾಳು ದಡ ಸೇರಿತು. ಬಾರದಿದ್ದರೆ ಇಂಥವನನ್ನು ಬೇರೆ ಯಾರು ಸೇರಿಸಿಕೊಂಡಾರು? ಇದೊಂದೇ ಅವಳ ಚಿಂತೆ.

ವಿಭಾಗದ ಮುಖ್ಯಸ್ಥೆ ವಾರಿಜಾ ಮೇಡಂ ಸೋಮವಾರ ತಾಯಿ ಮಗ ಇಬ್ಬರನ್ನೂ ಕರೆದರು.

"ಶುಕ್ರವಾರ ಕಾಲೇಜು ಮಂಡಳಿ ಅಧ್ಯಕ್ಷರು ಬರ್ತಾರೆ ಸಾಕಮ್ಮ. ನಿನ್ನ ಜಾಗ ಉಳಿಸೋದೋ ಮುಚ್ಚೋದೋ ಅಂತ ಅವತ್ತೇ ತೀರ್ಮಾನ. ಅಷ್ಟರೊಳಗೆ ಜವರ ಒಂದು ಕೆಲಸ ಮಾಡಿ ತೋರಿಸಲಿ. ಪರದೇಶದಲ್ಲೊಂದು ದೊಡ್ಡ ಮಾಹಿತಿ ಭಂಡಾರ ಇದೆ. ಎರಡು ಜೀವಿಗಳ ಹೆಸರು ಕೊಟ್ಟರೆ, ಅವುಗಳ ವಂಶ ಎಷ್ಟು ವರ್ಷದ ಹಿಂದೆ ಬೇರೆಯಾಯ್ತು ಅಂತ ಹೇಳುತ್ತೆ."

"ಅಣ್ಣತಮ್ಮಂದಿರು ಪಾಲಾಗಿ ಬೇರೆಯಾಗ್ತಾರಲ್ಲ, ಹಂಗಾ ಮೇಡಂ?"

"ಹಾಗೇ ಅನ್ಕೋ. ಭಂಡಾರದ ಒಳಕ್ಕೆ ನಾವು ಹೋಗೋ ಹಾಗಿಲ್ಲ. ಅದಕ್ಕೊಂದು ಕಿಟಕಿ ಇದೆ, ಎಪಿಐ ಅಂತಾರೆ. ರೇಷನ್ ಅಂಗಡಿ ಕಿಟಕಿ ಇದ್ದ ಹಾಗೆ. ನಮ್ಮ ಕಂಪ್ಯೂಟರು ಅಲ್ಲಿಗೆ ಚೀಟಿ ಕಳಿಸಬೇಕು, ಅದು ಉತ್ತರ ಕಳಿಸುತ್ತೆ. ನಮ್ಮ ನಲವತ್ತು ಬಾಟಲಿಗಳದ್ದೂ ಕೇಳಿ ತಂದರೆ, ಒಂದು ವಂಶವೃಕ್ಷ ಬರೆದು ಗೋಡೆಗೆ ಹಾಕೋಣ. ಈ ಚೀಟಿಯಲ್ಲಿರೋದು ಅದರ ಕೀ. ಜೋಪಾನ ಜವರ, ಯಾರಿಗೂ ಹೇಳಬೇಡ!"

ಕೀ ಅಂದರೆ ಬೀಗದ ಕೈಯಲ್ಲ. ಇಂಗ್ಲಿಷ್ ಅಕ್ಷರ, ಅಂಕಿ ಎಲ್ಲ ಬೆರೆತ ಮಾರುದ್ದದ ಗುಟ್ಟಿನ ಪದ. ಜವರ ಅದನ್ನು ಬಾಯಿಪಾಠ ಮಾಡಿದ, ಚೀಟಿ ಹರಿದು ಹಾಕಿದ, ಕಂಪ್ಯೂಟರಿನ ಮುಂದೆ ಕೂತ. ಚೀಟಿ ಕಳಿಸಿದ. ಭಂಡಾರ ಕೇಳಿತು: ಕೀ ಎಲ್ಲಿ? ಜವರ ಸುಮ್ಮನಿದ್ದ. ಮತ್ತೆ ಕಳಿಸಿದ. ಕೀ ಎಲ್ಲಿ? ತುಟಿ ಬಿಗಿಹಿಡಿದ. ಸಾಯಂಕಾಲದವರೆಗೂ ಅದು ಕೇಳಿತು, ಇವನು ಹೇಳಲಿಲ್ಲ.

"ಎಷ್ಟು ಕೇಳಿದ್ರೂ ಬಾಯಿ ಬಿಡಲಿಲ್ಲ ಕಣವ್ವ!" ಅಂತ ಎದೆಯುಬ್ಬಿಸಿ ಬಂದ.

ಸಾಕಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದಾ! ಬಾಗಿಲು ಕಾಯೋನು ಕೇಳಿದ್ರೆ ಹೇಳ್ಬೇಕು ಕಣ್ಲಾ! ಇಲ್ದಿದ್ರೆ ಒಳಗೆ ಬಿಟ್ಟಾನಾ?"

"ಹಂಗೇ ಆಗಲವ್ವ."

ಅವ್ವ ಹೇಳಿದ ಹಾಗೇ ಮಾಡಿದ. ಒಂದಕ್ಷರ ತಪ್ಪಲಿಲ್ಲ. ಮಂಗಳವಾರ ಬೆಳಿಗ್ಗೆ ಕಾಲೇಜಿನ ಗೇಟಿನಲ್ಲಿ ವಾಚ್‌ಮನ್ ಮಾದಯ್ಯ, "ಏನ್ ಜವರ, ಇಷ್ಟೊತ್ತಿಗೇ ಬಂದೆ?" ಅಂದ. ಜವರ ನೆಟ್ಟಗೆ ನಿಂತು, "ಕೆ ಸೆವೆನ್ ಕ್ಯೂ ಕ್ಯೂ ಡಬಲ್ ಎಕ್ಸ್ ನೈನ್..." ಅಂತ ಮಾರುದ್ದದ ಕೀಯನ್ನೆಲ್ಲ ಒಪ್ಪಿಸಿದ. ಮಾದಯ್ಯ ನೇರವಾಗಿ ಮ್ಯೂಸಿಯಮ್ಮಿಗೆ ಬಂದ.

"ಸಾಕಕ್ಕ, ನಿನ್ನ ಮಗ ನನ್ನ ಇಂಗ್ಲಿಷಲ್ಲಿ ಬಯ್ದವ್ನೆ. ಕನ್ನಡದಲ್ಲಿ ಬಯ್ದಿದ್ರೆ ಅಡ್ಡಿ ಇರಲಿಲ್ಲ, ನಾನೂ ತಿರುಗಿ ಬಯ್ಯಬಹುದಿತ್ತು!"

ಮಾದಯ್ಯನಿಗೊಂದು ಟೀ ಕುಡಿಸಿ ಸಮಾಧಾನ ಮಾಡಿ ಕಳಿಸಿದ ಸಾಕಮ್ಮ ಮಗನ ಕಿವಿ ಹಿಂಡಿದಳು. "ಈ ಬಾಗಿಲಲ್ಲ ಕಣ್ಲಾ ಬಡ್ಡೆತ್ತದೆ, ಆ ಕಂಪ್ಯೂಟರಿನ ಬಾಗಿಲು! ಹೋಗು, ಅಲ್ಲಿ ಕೀ ಹೇಳು. ಸಂಕೋಚ ಪಡಬೇಡ. ಕೇಳ್ತಾನೇ ಇರು!"

"ಹಂಗೇ ಆಗಲವ್ವ."

ಅವ್ವ ಹೇಳಿದ ಹಾಗೇ ಮಾಡಿದ. ಒಂದಕ್ಷರ ತಪ್ಪಲಿಲ್ಲ. ಕೀ ಕೊಟ್ಟ, ಬಾಗಿಲು ತೆರೆಯಿತು. ಕಪ್ಪೆ ಮತ್ತು ಹಾವು ಅಂತ ಕೇಳಿದ. ಏನೋ ಉತ್ತರ ಬಂತು. ಓದುವುದಕ್ಕೆ ಪುರುಸೊತ್ತೆಲ್ಲಿ? ಮತ್ತೆ ಕಪ್ಪೆ ಮತ್ತು ಹಾವು. ಮತ್ತೆ ಕಪ್ಪೆ ಮತ್ತು ಹಾವು. ಕೈ ನೋಯಲು ಶುರುವಾದಾಗ, ತಾನಾಗಿಯೇ ಕೇಳುತ್ತಲೇ ಇರು ಅಂತ ಕಂಪ್ಯೂಟರಿಗೇ ಬರೆದುಕೊಟ್ಟ. ಅದಂತೂ ಇವನಪ್ಪನಂಥ ಪೆದ್ದ. ನಿಮಿಷಕ್ಕೆ ಸಾವಿರ ಸಲ ಕೇಳಿತು. ಮಧ್ಯಾಹ್ನದ ಹೊತ್ತಿಗೆ ಭಂಡಾರಕ್ಕೆ ರೋಸಿತು. "ಅತಿಯಾಗಿ ಕೇಳುತ್ತಿದ್ದೀರಿ. ನಾಳೆ ಬನ್ನಿ" ಅಂತ ಕಿಟಕಿ ಮುಚ್ಚಿತು.

"ಮಂಗಳವಾರ ಹಾಳಾಯ್ತು!" ಅಂತ ಮೇಡಂ ತಲೆ ಮೇಲೆ ಕೈ ಹೊತ್ತರು.

ಸಾಕಮ್ಮನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ದೊಡ್ಡೋರ ಬಾಗಿಲಲ್ಲಿ ಹಿಂಗೆ ಪೀಡಿಸ್ತಾರೇನ್ಲಾ? ಒಂದು ಸಲ ಕೇಳ್ಬೇಕು, ತಡೀಬೇಕು, ಆಮೇಲೆ ಇನ್ನೊಂದು. ಮರ್ಯಾದೆ ಕೊಟ್ಟು ಮರ್ಯಾದೆ ತಗೋಬೇಕು. ಯಾರ ಹೆಸರು ಹೇಳಿದ್ರೂ ಒಂದು 'ಅವರು' ಸೇರಿಸು!"

"ಹಂಗೇ ಆಗಲವ್ವ."

ಅವ್ವ ಹೇಳಿದ ಹಾಗೇ ಮಾಡಿದ. ಬುಧವಾರ ಕಿಟಕಿ ತೆರೆದ ತಕ್ಷಣ "ಶ್ರೀಮತಿ ಕಪ್ಪೆಯವರು ಮತ್ತು ಶ್ರೀ ನಾಗರಹಾವಿನವರು" ಅಂತ ಬರೆದು ಕಳಿಸಿದ. ತಡೆದ. ಉತ್ತರ ಬಂತು: ನಾನೂರ ನಾಲ್ಕು. "ಶ್ರೀ ಚೇಳಿನವರು ಮತ್ತು ಶ್ರೀ ಏಡಿಯವರು." ತಡೆದ. ನಾನೂರ ನಾಲ್ಕು. ಸಾಯಂಕಾಲಕ್ಕೆ ಪುಸ್ತಕದ ತುಂಬ ಬರೆದುಕೊಂಡು ಕುಣಿಯುತ್ತ ಬಂದ.

"ಮುಗೀತು ಮೇಡಂ! ಎಲ್ಲರೂ ನಾನೂರ ನಾಲ್ಕು ವರ್ಷದ ಹಿಂದೆ ಬೇರೆಯಾದೋರು. ಒಂದೇ ದಿನ ಪಾಲಾಗವ್ರೆ!"

"ಲೋ ಜವರ! ನಾನೂರ ನಾಲ್ಕು ಅಂದ್ರೆ ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂತ! ಕಪ್ಪೆ ಅಂದ್ರೆ ಅದಕ್ಕೇನು ಗೊತ್ತಾಗುತ್ತೆ? ಬಾಟಲಿ ಮೇಲೆ ಏನು ಬರೆದಿದೆಯೋ ಅದನ್ನೇ ಬರಿ. ಹೆಚ್ಚೂ ಬೇಡ, ಕಡಿಮೆಯೂ ಬೇಡ!"

"ಹಂಗೇ ಆಗಲಿ ಮೇಡಂ."

ಮೇಡಂ ಹೇಳಿದ ಹಾಗೇ ಮಾಡಿದ. ಆದರೆ ಬಾಟಲಿಗಳ ಕತೆ ಮೇಡಮ್ಮಿಗೇನು ಗೊತ್ತು? ಗಾಜಿನ ಜಾಡಿ ಕೊಳ್ಳಲು ಕಾಲೇಜು ಅನುದಾನ ಕೊಡದ ವರ್ಷಗಳಲ್ಲಿ ಸಾಕಮ್ಮ ಮನೆಮನೆ ತಿರುಗಿ ಉಪ್ಪಿನಕಾಯಿ ಬಾಟಲಿ ಕೂಡಿಸಿ ತಂದಿದ್ದಳು. ಜೀವಿಯ ಲ್ಯಾಟಿನ್ ಹೆಸರಿನ ಚೀಟಿ ಹಿಂದುಗಡೆ. ಮುಂದುಗಡೆ ಕಂಪನಿಯದೇ ದಪ್ಪ ಇಂಗ್ಲಿಷ್ ಅಕ್ಷರ. ಜವರ ಗುರುವಾರ ಬೆಳಿಗ್ಗೆ ಕಪ್ಪೆಯ ಬಾಟಲಿ ನೋಡಿ "ಮ್ಯಾಂಗೋ" ಅಂತ ಬರೆದ, ಹಾವಿನ ಬಾಟಲಿ ನೋಡಿ "ಲೈಮ್" ಅಂತ ಬರೆದ. ಭಂಡಾರ ಬಹಳ ಒಳ್ಳೆಯದು. ಮಾವಿನ ಮರಕ್ಕೂ ನಿಂಬೆ ಗಿಡಕ್ಕೂ ಇರುವ ಸಂಬಂಧವನ್ನು ಕೂಡಲೇ ಹುಡುಕಿ ಕೊಟ್ಟಿತು.

"ಮೇಡಂ, ಕಪ್ಪೆಗೆ ಈ ವರ್ಷ ಹೂ ಬಿಡ್ತದಂತಾ?" ಅಂತ ಜವರ ಕೇಳಿದ. ಮೇಡಂ ಸಾಕಮ್ಮನ ಕಡೆ ನೋಡಿದರು, ಅಷ್ಟೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಆ ನೋಟ ಅವಳ ಎದೆಗೇ ನಾಟಿತು. ಉಳಿದದ್ದು ಒಂದು ಮಧ್ಯಾಹ್ನ.

ಸಾಕಮ್ಮ ಸೆರಗು ಸಿಕ್ಕಿಸಿದಳು. ಸ್ಟೂಲು ಎಳೆದು ಮಗನ ಪಕ್ಕ ಕೂತಳು. "ನಾನು ಹೇಳ್ತೀನಿ, ನೀನು ಹೊಡಿ. ಬೇರೆ ಏನೂ ಯೋಚನೆ ಮಾಡಬೇಡ."

ಯೋಚನೆ ಮಾಡದಿರುವುದರಲ್ಲಿ ಜವರನಿಗೆ ಸಾಟಿಯಿರಲಿಲ್ಲ. ಮೂವತ್ತು ವರ್ಷ ಒರೆಸಿದ ಚೀಟಿಗಳು. ಲ್ಯಾಟಿನ್ ಹೆಸರುಗಳ ಒಂದೊಂದು ಅಕ್ಷರವೂ ಅವಳ ಬಾಯಲ್ಲಿತ್ತು. ಬಾಟಲಿ ತಿರುಗಿಸಿ ಹಿಡಿದು ಅವಳು ಅಕ್ಷರ ಹೇಳಿದಳು, ಇವನು ಒತ್ತಿದ. ಒಂದು ಸಲ ಕೇಳಿದ, ತಡೆದ, ಬರೆದುಕೊಂಡ. ಹಸುವಿನ ಪಿಂಡವೂ ಆಡಿನ ಪಿಂಡವೂ? ಎರಡು ಕೋಟಿ ವರ್ಷದ ಮೇಲಾಯ್ತು. ಕೋಳಿಮರಿಯೂ ಮೊಸಳೆಮರಿಯೂ? ಇಪ್ಪತ್ತನಾಲ್ಕು ಕೋಟಿ ಮೇಲೆ.

"ಮೊಸಳೆಗೆ ಹಲ್ಲಿಗಿಂತ ಕೋಳಿಯೇ ಹತ್ತಿರದ ನೆಂಟನಂತೆ ಅವ್ವ!"

"ಯಾರ ಮನೇಲಿ ಯಾರು ಹುಟ್ಟಿದ್ರು ಅಂತ ಯಾರಿಗೆ ಗೊತ್ತು? ನೀನು ಹೊಡಿ."

ಸಂಜೆ ಐದಕ್ಕೆ ನಲವತ್ತೂ ಮುಗಿದವು. ಮೇಡಂ ಒಂದೊಂದನ್ನೂ ಪರೀಕ್ಷೆ ಮಾಡಿ ನೋಡಿದರು. ತಪ್ಪೇ ಇಲ್ಲ! ವಂಶವೃಕ್ಷ ಅಚ್ಚಾಗಿ ಗೋಡೆಗೆ ಏರಿತು.

ಸಾಕಮ್ಮ ಮನೆಗೆ ಹೋಗುವ ದಾರಿಯಲ್ಲಿ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ತಾಯಿ ಜೀವ, ಬಾಯಿ ತಡೆಯಲಿಲ್ಲ. "ನಾಳೆ ಅಧ್ಯಕ್ಷರಿಗೆ ಊಟ ಬಡಿಸೋನು ನೀನೇ. ಭೇದ ಮಾಡಬೇಡ. ನೆಂಟರು ಅಂದ್ಮೇಲೆ ದೂರದವರೋ ಹತ್ತಿರದವರೋ, ಒಂದೇ ಪಂಕ್ತೀಲಿ ಕೂರಿಸಬೇಕು. ಕೇಳಿ ಕೇಳಿ ಬಡಿಸಬೇಕು."

"ಹಂಗೇ ಆಗಲವ್ವ."

ಶುಕ್ರವಾರ ಅಧ್ಯಕ್ಷ ಕೆಂಚೇಗೌಡರು ಬಂದರು. ಗೋಡೆ ಮೇಲಿನ ಮರವನ್ನು ಬುಡದಿಂದ ತುದಿವರೆಗೆ ನೋಡಿದರು. ಕಪ್ಪೆಯ ಬಾಟಲಿಗೆ ಬೆರಳು ತೋರಿಸಿ, "ಏನಯ್ಯ, ಇದು ನನಗೇನಾಗಬೇಕು?" ಅಂದರು.

ಜವರ ಕಪ್ಪೆಯದೂ ಮನುಷ್ಯನದೂ ಎರಡು ಹೆಸರು ಒತ್ತಿದ, ಕೀ ಕೊಟ್ಟ, ತಡೆದ. "ದಾಯಾದಿ ಸಾರ್. ಮೂವತ್ತೈದು ಕೋಟಿ ವರ್ಷದ ಹಿಂದೆ ಬೇರೆಯಾದೋರು."

"ಭಲೆ! ಅಂದ್ರೆ ನೆಂಟನೇ ಅನ್ನು!" ಅಂತ ಗೌಡರು ನಕ್ಕು ಮೇಡಂ ಕಡೆ ತಲೆಯಾಡಿಸಿದರು. ಸಾಕಮ್ಮ ಮನೆದೇವರಿಗೆ ಅಲ್ಲೇ ಕೈಮುಗಿದಳು. ಮುಗಿದದ್ದು ಸ್ವಲ್ಪ ಬೇಗವಾಯ್ತು.

ಊಟದ ಹೊತ್ತು. ಎಲೆ ಹಾಕಿತ್ತು. ಗೌಡರು ಕೂತು ಮುದ್ದೆ ಮುರಿದು ಎಡಕ್ಕೆ ತಿರುಗುತ್ತಾರೆ, ಪಕ್ಕದ ಕುರ್ಚಿಯಲ್ಲಿ ಬಾಟಲಿ, ಬಾಟಲಿಯಲ್ಲಿ ಕಪ್ಪೆ! ಅದರ ಮುಂದೆ ಎಲೆ, ಎಲೆಯಲ್ಲಿ ಮುದ್ದೆ, ಸಾರು, ಕೋಸಂಬರಿ. ಜವರ ಸೌಟು ಹಿಡಿದು ಬಗ್ಗಿ ಬಾಟಲಿಯನ್ನು ಕೇಳುತ್ತಿದ್ದಾನೆ: "ಇನ್ನೊಂಚೂರು ಸಾರು ಬಿಡ್ಲಾ? ಸಂಕೋಚ ಮಾಡ್ಕೋಬೇಡಿ."

"ಏನಯ್ಯ ಇದು!" ಅಂತ ಗೌಡರು ಗುಡುಗಿದರು.

"ನಿಮ್ಮ ದಾಯಾದಿ ಸಾರ್. ಪಾಲಾದ ಮೇಲೆ ಒಟ್ಟಿಗೆ ಉಂಡೇ ಇಲ್ಲವಲ್ಲ, ಪಾಪ."

ಮೇಡಂ ಕಣ್ಣು ಮುಚ್ಚಿದರು. ಮೂವತ್ತು ವರ್ಷದ ಚಾಕರಿ, ಮಗನ ಬಾಳು, ಎಲ್ಲ ಆ ಸಾರಿನಲ್ಲಿ ಮುಳುಗಿತು ಅಂತ ಸಾಕಮ್ಮ ಗೋಡೆ ಹಿಡಿದಳು. ಗೌಡರ ಹೊಟ್ಟೆ ಮೆಲ್ಲಗೆ ಅಲುಗಿತು. ಆಮೇಲೆ ಭುಜ ಅಲುಗಿತು. ಆಮೇಲೆ ಕುರ್ಚಿಯೇ ಅಲುಗಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ನನ್ನ ಒಡಹುಟ್ಟಿದ ತಮ್ಮನ್ನೇ ಇಪ್ಪತ್ತು ವರ್ಷದಿಂದ ಯಾರೂ ನನ್ನ ಪಕ್ಕ ಕೂರಿಸಿಲ್ಲ ಕಣಯ್ಯ!" ಅಂತ ಎಡಗೈಯಲ್ಲಿ ಕಣ್ಣೊರೆಸಿಕೊಂಡರು. "ಮೇಡಂ, ಇವನನ್ನ ಹೊರಗೆಲ್ಲೂ ಬಿಡಬೇಡಿ. ಒಂದನೇ ತಾರೀಖಿನಿಂದ ಮ್ಯೂಸಿಯಮ್ಮಿನಲ್ಲೇ ಇಟ್ಕೊಳ್ಳಿ!"

ಸಾಕಮ್ಮ ಅತ್ತಳು. ಎಷ್ಟು ಅತ್ತಳೆಂದರೆ ಮಗನಿಗೆ ಬುದ್ಧಿ ಹೇಳುವುದನ್ನೇ ಮರೆತಳು.

ಒಂದನೇ ತಾರೀಖು ಬಂತು. ಜವರ ಕೋಳಿ ಕೂಗುವ ಮೊದಲೇ ಎದ್ದು, ಮಿಂದು, ಹೊಸ ಅಂಗಿ ತೊಟ್ಟು ಹೊರಟಿದ್ದ. ಕೆಲಸ ತೋರಿಸಿಕೊಡೋಣ ಅಂತ ಸಾಕಮ್ಮ ಹಿಂದೆಯೇ ಬಂದಳು. ಮೇಜಿನ ಹತ್ತಿರ ಮಗನಿಲ್ಲ. ಕಂಪ್ಯೂಟರಿನ ಮುಂದೆ ಇಲ್ಲ. "ಜವರಾ!" ಅಂತ ಕರೆದಳು. ಉತ್ತರವಿಲ್ಲ. ದೊಡ್ಡ ಗಾಜಿನ ಬೀರುವಿನ ಕಡೆ ತಿರುಗಿದಳು.

ಒಳಗೆ, ಈ ಕಡೆ ಉಡ, ಆ ಕಡೆ ಆಮೆ, ನಡುವೆ ಜವರ. ಕೈ ಎರಡೂ ಪಕ್ಕಕ್ಕೆ ಇಳಿಬಿಟ್ಟು, ರೆಪ್ಪೆ ಮಿಟುಕಿಸದೆ ನೆಟ್ಟಗೆ ನಿಂತಿದ್ದ. ಕೊರಳಲ್ಲೊಂದು ದಾರ, ದಾರಕ್ಕೊಂದು ಚೀಟಿ, ಚೀಟಿಯಲ್ಲಿ ಅಂದವಾದ ಟೈಪಿಂಗು: "ಜವರ. ಗಂಡು. ದೊರೆತ ಸ್ಥಳ: ಇದೇ ಊರು."

ಸಾಕಮ್ಮ ಬೀರುವಿನ ಬಾಗಿಲು ಎಳೆದು ತೆಗೆದಳು. "ಏನ್ಲಾ ಇದು ನಿನ್ನ ಅವತಾರ!"

ಜವರ ತುಟಿ ಅಲುಗಿಸದೆ ಹೇಳಿದ:

"ಬಾಗಿಲು ಹಾಕವ್ವ, ಧೂಳು ಬರ್ತದೆ."