ದೀಪ ಮುಟ್ಟದ ಗವಿಸಿದ್ದ

“ಕೇಳಿರಪ್ಪೋ! ಒಗಟು ಮೂರು, ವರ ಒಂದು! ಮೂರನ್ನೂ ಬಿಡಿಸಿದವರು ಕೇಳಿದ್ದನ್ನು ರಾಣಿ ಹೊನ್ನಾಂಬೆ ಕೊಡುತ್ತಾಳೆ. ತಪ್ಪು ಹೇಳಿದವರ ತಲೆ ಅಲ್ಲೇ ಉರುಳುತ್ತದೆ. ಈ ಸಾರಿ ಯಾವ ದೀಪವೂ ಕಾಯುವುದಿಲ್ಲ!” ಎಂದು ಬೆಳ್ಳಿಕೋಟೆಯ ಬೀದಿಗಳಲ್ಲಿ ಡಂಗುರ ಸಾರಿದರು.

ಈ ಬೆಳ್ಳಿಕೋಟೆ ಇರುವುದು ಕಂಪ್ಯೂಟರಿನ ಪರದೆಯೊಳಗೆ, ಒಂದು ಆಟದಲ್ಲಿ. ಆಡುವವರು ತಮ್ಮ ತಮ್ಮ ಮನೆಯಲ್ಲಿ ಕೂತು, ಬೇಕಾದ ಹೆಸರು, ಬೇಕಾದ ವೇಷ ಇಟ್ಟುಕೊಂಡು ಅದರೊಳಗೆ ಇಳಿಯುತ್ತಾರೆ. ಒಳಗೆ ಬೆಟ್ಟವಿದೆ, ಹೊಳೆಯಿದೆ, ಸಂತೆಯಿದೆ. ಎತ್ತ ಬೇಕಾದರೂ ಹೋಗಬಹುದು. ಕಳ್ಳನನ್ನು ಹಿಡಿಯಬಹುದು, ತಾವೇ ಕಳ್ಳರಾಗಬಹುದು. ಏನು ಮಾಡಿದರೂ ಅಲ್ಲಿಯ ಜನ ನೆನಪಿಟ್ಟುಕೊಳ್ಳುತ್ತಾರೆ, ಕತೆಯೂ ಹಾಗೆಯೇ ಹೊರಳುತ್ತದೆ. ಆದರೆ ದಾರಿಯುದ್ದಕ್ಕೂ ಅಲ್ಲಲ್ಲಿ ದೀಪದ ಕಂಬಗಳಿವೆ. ಒಂದು ದೀಪ ಮುಟ್ಟಿ ಮುಂದೆ ಹೋದವರು ಆಮೇಲೆ ಸತ್ತರೂ ಸರಿ, ಎಡವಟ್ಟು ಮಾಡಿಕೊಂಡರೂ ಸರಿ, ಮತ್ತೆ ಅದೇ ದೀಪದ ಬುಡದಲ್ಲಿ ಎದ್ದು ನಿಲ್ಲಬಹುದು. ನಡುವೆ ಆದದ್ದೆಲ್ಲ ಊರಿಗೆ ಮರೆತೇ ಹೋಗಿರುತ್ತದೆ.

ಗವಿಸಿದ್ದ ಹಗಲು ಹಿಟ್ಟಿನ ಗಿರಣಿಯಲ್ಲಿ ದುಡಿದು, ಸಂಜೆ ಈ ಆಟಕ್ಕೆ ಕೂರುವವನು. ಉಳಿದವರು ಗಂಡುಗಲಿ ಹೆಸರು ಇಟ್ಟುಕೊಂಡರೆ ಇವನು ತನ್ನ ಹೆಸರನ್ನೇ ಕೊಟ್ಟು, ಕಂಬಳಿ ಹೊದ್ದ ದಾರಿಹೋಕನಾಗಿ ತಿರುಗುತ್ತಿದ್ದ. ಅವನಿಗೆ ಒಂದು ಕೊರಗು ಇತ್ತು. ಬೆಳ್ಳಿಕೋಟೆಯ ಸಂತೆಯಲ್ಲಿ ಕಳವಾದಾಗ, ಚೀಲ ಹೊತ್ತು ಓಡುತ್ತಿದ್ದ ಅಂಬಿಗ ಮಲ್ಲಾರಿಯನ್ನು ಕಂಡು, “ಇವನೇ ಕಳ್ಳ” ಎಂದು ಕಾವಲಿನವರಿಗೆ ತೋರಿಸಿಬಿಟ್ಟಿದ್ದ. ಮಲ್ಲಾರಿ ಓಡುತ್ತಿದ್ದದ್ದು ದೋಣಿ ಬಿಡುವ ಹೊತ್ತಾಯಿತೆಂದು. ಅವನನ್ನು ಸೆರೆಗೆ ಹಾಕಿದರು. ಈಗ ಅವನ ಹೆಂಡತಿ ಸಂಗವ್ವ ದೋಣಿ ನಡೆಸುತ್ತಾಳೆ. ಗವಿಸಿದ್ದ ಬಂದರೂ ದಾಟಿಸುತ್ತಾಳೆ, ಮಾತಾಡುವುದಿಲ್ಲ. ರಾಣಿಯ ಅಪ್ಪಣೆಯಿಲ್ಲದೆ ಸೆರೆಯ ಬಾಗಿಲು ತೆರೆಯದು ಎಂದು ಕಾವಲಿನವರು ಹೇಳಿದ್ದರು. ಅದಕ್ಕೇ ಅವನು ಸಭೆಗೆ ಬಂದ.

ಸಭೆ ತುಂಬಿತ್ತು. ಚಿನ್ನದ ಕವಚ ತೊಟ್ಟ ವಜ್ರಬಾಹು ಇವನನ್ನು ಮೇಲಿಂದ ಕೆಳಗೆ ನೋಡಿದ.

“ಏನೋ ಕಂಬಳಿ, ತಲೆ ಭಾರವಾಯಿತೇನೋ?”

“ತಲೆ ಬೇಕಣ್ಣ. ಆದರೆ ನನ್ನಿಂದ ಮಲ್ಲಾರಿ ಸೆರೆಯಲ್ಲಿದ್ದಾನಲ್ಲ.”

“ಅಯ್ಯೋ ಮಂಕೇ! ಹಿಂದಿನ ದೀಪಕ್ಕೆ ಹೋಗಿ ಎದ್ದು, ಈ ಸಾರಿ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತಲ್ಲೋ.”

“ದೀಪ ನಾನು ಒಂದೂ ಮುಟ್ಟಿಲ್ಲ ಅಣ್ಣಾ. ಉರಿಯುವ ದೀಪ, ಕೈಕಾಲು ತೊಳೆಯದೆ ಮುಟ್ಟಬಾರದು ಅಂತ ದೂರದಿಂದಲೇ ಕೈಮುಗಿದು ಹೋಗುತ್ತಿದ್ದೆ.”

“ಮತ್ತೆ ಒಂದು ಸಾರಿಯೂ ಸತ್ತಿಲ್ಲವೇ?”

“ತೋಳ ಕಂಡರೆ ಓಡಿಬಿಡುತ್ತೇನೆ.”

ಸಭೆಯೆಲ್ಲ ಗೊಳ್ಳೆಂದಿತು. ಅಷ್ಟರಲ್ಲಿ ರಾಣಿ ಬಂದು ಕೂತಳು. ಒಬ್ಬೊಬ್ಬರೇ ಬಂದು ತನ್ನ ಕಿವಿಯಲ್ಲಿ ಉತ್ತರ ಹೇಳಬೇಕೆಂದು ಹೇಳಿ, ಮೊದಲನೆಯದನ್ನು ಕೇಳಿದಳು:

“ದಾರಿ ಕವಲೊಡೆಯಿತು. ನೀನು ಒಂದನ್ನು ಹಿಡಿದೆ. ಬಿಟ್ಟ ದಾರಿಯಲ್ಲಿ ಒಬ್ಬ ನಡೆದು ಹೋಗುತ್ತಿದ್ದಾನೆ. ಅವನ ಮುಖ ನಿನಗೆ ಗೊತ್ತು, ಬದುಕು ಗೊತ್ತಿಲ್ಲ. ಯಾರು ಅವನು?”

ಮಂತ್ರವಾದಿ ಅಗ್ನಿಜ್ವಾಲೆ ಮೊದಲು ನುಗ್ಗಿದ. ಅವನು ಕಿವಿಯಲ್ಲಿ ಹೇಳಿದ್ದನ್ನು ಕೇಳಿ, “ಶತ್ರುವಂತೆ! ಅಲ್ಲ” ಎಂದು ರಾಣಿ ತಲೆಯಾಡಿಸಿದಳು. ಕತ್ತಿ ಬೀಸಿತು. ವರ್ಷಗಟ್ಟಲೆ ಆಡಿ ಬೆಳೆಸಿದ ವೇಷ ಬೂದಿಯಾಗಿ ಉದುರಿತು. ಎಷ್ಟು ಕಾದರೂ ಅವನು ಯಾವ ದೀಪದ ಬಳಿಯೂ ಏಳಲಿಲ್ಲ. ಅದನ್ನು ಕಂಡು ಅರ್ಧ ಸಭೆ ಬಾಗಿಲತ್ತ ಸರಿಯಿತು. ಉಳಿದವರಲ್ಲೂ ಹಲವರು ಬೂದಿಯಾದರು.

ರಾಣಿ ಎರಡನೆಯದನ್ನು ಕೇಳಿದಳು: “ಕೊಟ್ಟರೂ ಕೈ ಖಾಲಿಯಾಗದು. ಕೊಟ್ಟ ಮೇಲೂ ಕೊಟ್ಟವನೇ ಅದನ್ನು ಕಾಯಬೇಕು. ಏನದು?”

“ವಿದ್ಯೆ” ಎಂದವರು ಬಹಳ ಮಂದಿ. “ವಿದ್ಯೆಯನ್ನು ಪಡೆದವನು ಕಾಯುತ್ತಾನೆ, ಕೊಟ್ಟವನಲ್ಲ” ಎಂದಳು ರಾಣಿ. ಎರಡಕ್ಕೂ ಸರಿ ಹೇಳಿ ಕೊನೆಗೆ ಉಳಿದವರು ವಜ್ರಬಾಹು, ಗವಿಸಿದ್ದ ಇಬ್ಬರೇ.

“ಇನ್ನು ಕೊನೆಯದು. ಅದು ಹುಟ್ಟುವುದು ಒಬ್ಬನ ಕೈಯಲ್ಲಿ, ಅಳಿಸುವುದು ಇನ್ನೊಬ್ಬನ ಮನೆಯನ್ನು. ಬಚ್ಚಿಟ್ಟರೆ ಬೆಳೆಯುತ್ತದೆ, ತೋರಿಸಿದರೆ ಕುಗ್ಗುತ್ತದೆ. ಏನದು?”

“ಕತ್ತಿ!” ಎಂದು ವಜ್ರಬಾಹು ಕಿವಿಯಲ್ಲಿ ಹೇಳುವುದನ್ನೂ ಮರೆತು ಕೂಗಿದ.

“ಬಚ್ಚಿಟ್ಟ ಕತ್ತಿ ತುಕ್ಕು ಹಿಡಿಯುತ್ತದಪ್ಪಾ, ಬೆಳೆಯುವುದಿಲ್ಲ.”

ಚಿನ್ನದ ಕವಚ ಬರಿದಾಗಿ ನೆಲಕ್ಕೆ ಬಿತ್ತು.

ಗವಿಸಿದ್ದನ ಸರದಿ ಬಂತು. ಅವನು ದೇವರನ್ನು ನೆನೆದು ಕಣ್ಣು ಮುಚ್ಚಿದ. ಕಂಡದ್ದು ಸಂಗವ್ವ, ತುಟಿ ಬಿಗಿದುಕೊಂಡು ಒಬ್ಬಳೇ ದೋಣಿಗೆ ಹುಟ್ಟು ಹಾಕುತ್ತಿದ್ದಳು. ಅವನು ಸಭೆಗೆಲ್ಲ ಕೇಳುವಂತೆ ಹೇಳಿದ: “ತಪ್ಪು, ತಾಯಿ. ಮಾಡಿದ ತಪ್ಪು.”

ಕತ್ತಿ ಏಳಲಿಲ್ಲ.

“ಮೂರನ್ನೂ ಬಿಡಿಸಿ ಹೇಳು, ಎಲ್ಲರೂ ಕೇಳಲಿ.”

“ಬಿಟ್ಟ ದಾರಿಯಲ್ಲಿ ಹೋಗುತ್ತಿರುವವನು ನಾನೇ. ಆ ದಾರಿ ಹಿಡಿದಿದ್ದರೆ ಏನಾಗುತ್ತಿದ್ದೆನೋ, ಅವನು. ಎರಡನೆಯದು ಮಾತು. ಕೊಟ್ಟವನೇ ಅದನ್ನು ಉಳಿಸಿಕೊಳ್ಳಬೇಕು. ಮೂರನೆಯದು ನನ್ನ ಕೈಯಿಂದಲೇ ಆಗಿದೆ. ತಪ್ಪು ನನ್ನದು, ಅಳುವುದು ಅಂಬಿಗನ ಮನೆ. ಮಲ್ಲಾರಿ ಕಳ್ಳನಲ್ಲ. ಓಡಿದವನನ್ನು ನೋಡಿ, ಕದ್ದದ್ದನ್ನು ನೋಡಿದೆ ಎಂದೆ. ಅವನನ್ನು ಬಿಡಿ ತಾಯಿ, ನನಗೆ ಅದೇ ವರ.”

“ಅರ್ಧ ರಾಜ್ಯ ಕೇಳಿದರೂ ಕೊಡುತ್ತಿದ್ದೆನಲ್ಲೋ!”

“ಅದನ್ನು ಆಳುವುದು ಯಾರು, ಬಿಡಿ.”

ರಾಣಿ ನಕ್ಕು ಸೆರೆಯ ಬೀಗದ ಕೈಯನ್ನು ಅವನ ಕೈಯಲ್ಲೇ ಇಟ್ಟಳು.

ಮಲ್ಲಾರಿ ಕಣ್ಣು ಕಿರಿದು ಮಾಡಿಕೊಂಡು ಹೊರಗೆ ಬಂದ. “ನನ್ನನ್ನು ತೋರಿಸಿದವನು ನೀನೇ ಅಲ್ಲವೇ?”

“ನಾನೇ ಅಣ್ಣಾ.”

ಮಲ್ಲಾರಿ ಹೊಡೆಯಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. “ನಡಿ” ಎಂದ. ಇಬ್ಬರೂ ಹೊಳೆಗೆ ಬಂದರು. ಗಂಡನನ್ನು ಕಂಡ ಸಂಗವ್ವ ನೀರಿಗೇ ಇಳಿದು ಓಡಿ ಬಂದಳು. ಅವಳು ಅತ್ತು ಮುಗಿಸಿದ ಮೇಲೆ ಮಲ್ಲಾರಿ ದೋಣಿಯಲ್ಲಿ ಕಾಲು ಚಾಚಿ ಕೂತು, ಹುಟ್ಟನ್ನು ಗವಿಸಿದ್ದನತ್ತ ನೂಕಿದ.

“ಇವಳ ತೋಳು ಸೋತಿದೆ. ಇವತ್ತು ನೀನು ದಾಟಿಸು.”

ಗವಿಸಿದ್ದನಿಗೆ ಹುಟ್ಟು ಹಾಕಿ ಗೊತ್ತಿರಲಿಲ್ಲ. ದೋಣಿ ನಡುಹೊಳೆಯಲ್ಲಿ ಗರಗರ ಸುತ್ತತೊಡಗಿತು.

“ಅಯ್ಯೋ ತಮ್ಮಾ, ಆ ಕಡೆಗಲ್ಲ, ಈ ಕಡೆಗೆ!” ಎಂದು ಸಂಗವ್ವ ಕೂಗಿ, ಸೆರಗು ಬಾಯಿಗಿಟ್ಟು ನಕ್ಕಳು.

ಹೊತ್ತಾದರೂ ದೋಣಿ ಆ ದಡ ಸೇರಿತು. ಕತೆ ಕೇಳಿದವರೂ ಅವರವರ ದಡ ಸೇರಲಿ.