ಹಾಗಲಕಾಯಿ ಮತ್ತು ಅಚ್ಚುಬೆಲ್ಲ

ಸಕ್ಕರೆ ಕಾಯಿಲೆಯ ಶೇಷಗಿರಿರಾಯರಿಗೆಂದೇ ಅಡುಗೆಮನೆಗೆ ಬಂದ ಹಾಗಲಕಾಯಿ, "ನಾನು ತರಕಾರಿಯಲ್ಲ, ಔಷಧಿ" ಎಂದು ಬೀಗುತ್ತ ಕುಳಿತಿತ್ತು. ರಾಯರ ಹೆಂಡತಿ ನಾಗವೇಣಮ್ಮ ಅದನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ಉಪ್ಪು ಸವರಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಎರಡೂ ಕೈಯಿಂದ ಹಿಂಡಿ, ಹಸಿರು ರಸವನ್ನೆಲ್ಲ ಬಚ್ಚಲಿಗೆ ಚೆಲ್ಲಿದರು.

"ಅಯ್ಯೋ! ಅದೇ ಕಣಮ್ಮ ನನ್ನ ಜೀವ!" ಎಂದು ಹಾಗಲಕಾಯಿ ಕಿರುಚಿತು. ಯಾರಿಗೂ ಕೇಳಿಸಲಿಲ್ಲ. ಬಾಣಲೆಗೆ ಬಿದ್ದು ಸುಧಾರಿಸಿಕೊಳ್ಳುವಷ್ಟರಲ್ಲಿ ಅದರ ಮೇಲೆ ಮುಷ್ಟಿಗಾತ್ರದ ಅಚ್ಚುಬೆಲ್ಲ ದೊಪ್ಪನೆ ಬಿತ್ತು.

"ಎಲೈ ಬೆಲ್ಲವೇ, ದಾರಿ ತಪ್ಪಿದೆಯಾ? ಇದು ಸಕ್ಕರೆ ಕಾಯಿಲೆಯವರ ಗೊಜ್ಜು!"

"ಗೊತ್ತು. ಅದಕ್ಕೇ ಸಕ್ಕರೆಯನ್ನು ಡಬ್ಬಿಯಲ್ಲೇ ಬಿಟ್ಟು ನನ್ನನ್ನು ಕರೆದಿದ್ದಾರೆ. ನನ್ನಿಂದ ದೋಷವಿಲ್ಲವಂತೆ."



ರಾಯರು ಮೂರು ಸಲ ಹಾಕಿಸಿಕೊಂಡರು. "ಹಾಗಲಕಾಯಿ ಅಂದ್ರೆ ಇದು ಕಣೇ! ಒಂಚೂರೂ ಕಹಿಯಿಲ್ಲ" ಎಂದು ಬೆರಳು ನೆಕ್ಕಿದರು. ಎರಡು ಗಂಟೆ ಬಿಟ್ಟು ಅದೇ ಬೆರಳನ್ನು ಚುಚ್ಚಿ ನೋಡಿದರೆ ಸಕ್ಕರೆ ಮುನ್ನೂರ ಹತ್ತು!

"ಥೂ, ಇಷ್ಟು ತಿಂದರೂ ಇಳಿಯಲಿಲ್ಲ. ಈ ಹಾಗಲಕಾಯಿಯಲ್ಲಿ ಏನೂ ಗುಣವಿಲ್ಲ" ಎಂದರು ರಾಯರು.

"ನಾಳೆ ಇನ್ನೂ ಜಾಸ್ತಿ ಮಾಡ್ತೀನಿ ಬಿಡಿ" ಎಂದರು ನಾಗವೇಣಮ್ಮ.

ಬಾಣಲೆಯ ತಳದಲ್ಲಿ ಉಳಿದಿದ್ದ ಒಂದೇ ಒಂದು ಬಿಲ್ಲೆ ಇದನ್ನು ಕೇಳಿ ನಡುಗಿತು. "ಹಾಗಾದರೆ ನನ್ನ ಔಷಧಿ ಯಾರ ಹೊಟ್ಟೆಗೆ ಹೋಯಿತು?"

ಅದಕ್ಕೆ ಅಂಟಿಕೊಂಡಿದ್ದ ಬೆಲ್ಲ ಹೇಳಿತು: "ಬಚ್ಚಲಿನ ಹೊಟ್ಟೆಗೆ. ನೋಡು, ಅದಕ್ಕೆ ಯಾವ ಕಾಯಿಲೆಯೂ ಇಲ್ಲ."