ನೋಡಿದವಳು ಚಂದಲೆ

ಬಾಚ ಮಠ ಬಿಟ್ಟು ಚಂದಲವ್ವನ ಆಶ್ರಮಕ್ಕೆ ಬಂದಾಗ ಅವಳು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದಳು.

"ಕಲಿಯಲು ಬಂದಿದ್ದೇನೆ ಅವ್ವ."

"ನನ್ನ ಚೊಂಬು ನೀರಿಗೆ ಬಿದ್ದಿದೆ. ಮೊದಲು ಅದನ್ನು ತೆಗೆದುಕೊಡು."

ಚೊಂಬು ಅಲ್ಲೇ ಕಾಣುತ್ತಿತ್ತು, ಕೈಗೆ ಸಿಗುವಂತೆ. ಬಾಚ ಬಾಗಿ ಕೈ ಹಾಕಿದ. ಸಿಗಲಿಲ್ಲ. ಇನ್ನೂ ಬಾಗಿದ. ಚೊಂಬಿನ ಪಕ್ಕದಲ್ಲಿ ತಾನೂ ಬಿದ್ದ.

ಚಂದಲವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಾಚಿಕೊಳ್ಳಬೇಡ, ಎದ್ದು ಬಾ. ನಾನೂ ಹೀಗೇ ಬಿದ್ದವಳು. ನೀರು ಎಲ್ಲರಿಗೂ ಒಂದೇ ಸುಳ್ಳು ಹೇಳುತ್ತದೆ."

"ಇದು ನನಗೆ ಗೊತ್ತು ಅವ್ವ," ಎಂದ ಬಾಚ, ತಲೆಯ ನೀರು ಒರೆಸಿಕೊಳ್ಳುತ್ತ. "ಮಠದಲ್ಲಿ ಹೇಳಿಕೊಟ್ಟಿದ್ದಾರೆ. ನೀರಿನಲ್ಲಿ ಕೋಲು ಡೊಂಕಾಗಿ ಕಾಣುತ್ತದೆ. ಈ ಜಗತ್ತೂ ಹಾಗೆಯೇ. ಎಲ್ಲವೂ ಮಾಯೆ."

"ಆಮೇಲೆ?"

"ಆಮೇಲೆ ಊಟಕ್ಕೆ ಎದ್ದೆವು."

"ನಾನೂ ಆ ಪಾಠ ಕೇಳಿದ್ದೇನೆ. ಒಳಗೆ ಬಿಡಲಿಲ್ಲ, ಹೊರಗಿನ ಜಗಲಿಯಲ್ಲಿ ಕೂತು ಕೇಳಿದೆ. ಅವರು ಊಟಕ್ಕೆ ಎದ್ದರು. ನಾನು ಒಂದು ಕೋಲು ಮುರಿದುಕೊಂಡು ಹೊಳೆಗೆ ಬಂದೆ. ಇನ್ನೂ ಎದ್ದಿಲ್ಲ."

ಬಾಚ ಅಲ್ಲೇ ಉಳಿದ.

ಅಂಗಳದಲ್ಲಿ ಒಂದು ಕಲ್ಲುಬಾನಿ ಇತ್ತು. ಅದರ ಒಳಮೈಗೆ ಚಂದಲವ್ವ ಅಳತೆಯ ಗೀರು ಹಾಕಿದ್ದಳು. ಬಾನಿಗೆ ನೀರು ತುಂಬಿ ಕೋಲು ಇಳಿಸುವುದು, ನೋಡುವುದು, ತೆಗೆಯುವುದು. ಅದೇ ಪಾಠ. ನೆಟ್ಟಗೆ ಇಳಿಸಿದರೆ ಕೋಲು ಗಿಡ್ಡವಾಗುತ್ತಿತ್ತು. ಓರೆಯಾಗಿ ಇಳಿಸಿದರೆ ಮುರಿದಂತೆ ಕಾಣುತ್ತಿತ್ತು. ಓರೆ ಎಷ್ಟೋ ಅದಕ್ಕೆ ತಕ್ಕ ಡೊಂಕು.

ಒಂದು ಬೇಸಿಗೆಯಲ್ಲಿ ಬಾಚನಿಗೆ ತಾಳ್ಮೆ ಹೋಯಿತು.

"ಅವ್ವ, ಹಾಗಾದರೆ ಮಾಯೆ ಇದೆಯೋ ಇಲ್ಲವೋ? ಒಂದು ಮಾತಿನಲ್ಲಿ ಹೇಳಿಬಿಡಿ."

"ಇದ್ದರೆ ಅವಳು ಬಹಳ ಕಟ್ಟುನಿಟ್ಟಿನ ಹೆಂಗಸು ಕಣೋ. ಇಂಥ ಓರೆಗೆ ಇಂಥದೇ ಡೊಂಕು. ಚಳಿಯಲ್ಲೂ ಅಷ್ಟೇ, ಬಿಸಿಲಲ್ಲೂ ಅಷ್ಟೇ. ರಾಜ ನೋಡಿದರೂ ಅಷ್ಟೇ, ನೀನು ನೋಡಿದರೂ ಅಷ್ಟೇ. ಇಷ್ಟು ಶಿಸ್ತಾಗಿ ಹೇಳುವ ಸುಳ್ಳನ್ನು ಸುಳ್ಳು ಅನ್ನಲು ನನಗೆ ಬಾಯಿ ಬರುವುದಿಲ್ಲ."

"ಯಾಕೆ ಹಾಗೆ ಶಿಸ್ತಾಗಿದೆ?"

"ಅಲ್ಲಿಗೆ ನನ್ನ ಕೋಲು ಮುಟ್ಟುವುದಿಲ್ಲ."

"ಈ ನಿಯಮ ಮಾಡಿದವರು ಯಾರು?"

"ಮಾಡಿದವರು ಹೆಸರು ಬರೆದಿಲ್ಲ. ನೀರು ತುಂಬು."

ನೋಡಿದ್ದನ್ನೆಲ್ಲ ಚಂದಲವ್ವ ಓಲೆಗಳಲ್ಲಿ ಬರೆದಿಟ್ಟಿದ್ದಳು. ಬಾಚ ಅದನ್ನು ಬಾಯಿಪಾಠ ಮಾಡಿದ. ಮೊದಲ ಸಾಲು ಹೀಗಿತ್ತು: ನೀರಿನೊಳಗಿರುವುದು ಕಾಣುವಲ್ಲಿ ಇರುವುದಿಲ್ಲ, ಅದಕ್ಕಿಂತ ಕೆಳಗೆ ಇರುತ್ತದೆ.

ಕೊನೆಯ ಓಲೆಯಲ್ಲಿ ಒಂದೇ ಸಾಲು: ಇದನ್ನು ನೋಡಿದವಳು ಚಂದಲೆ.

"ಬರೆದವಳು ಎಂದು ಯಾಕಿಲ್ಲ ಅವ್ವ? ಎಲ್ಲರೂ ಹಾಗೆ ತಾನೇ ಹಾಕಿಕೊಳ್ಳುವುದು?"

"ಡೊಂಕು ನಾನು ಮಾಡಿದ್ದಲ್ಲ. ಅದು ನನಗಿಂತ ಮೊದಲೂ ಇತ್ತು. ನೋಡಿದ್ದು ಮಾತ್ರ ನನ್ನದು. ಹೆಚ್ಚೂ ಬೇಡ, ಕಡಿಮೆಯೂ ಬೇಡ."

ಆ ಪುಸ್ತಕವನ್ನು ಅವಳು ಒಮ್ಮೆ ರಾಜಧಾನಿಯ ವಿದ್ವಾಂಸರ ಸಭೆಗೆ ಕಳಿಸಿದ್ದಳು. ಕಟ್ಟಿದ ದಾರ ಬಿಚ್ಚದೆ ಹಿಂದಕ್ಕೆ ಬಂದಿತ್ತು. ಗಂಡನ ಹೆಸರಿನಲ್ಲೋ ಗುರುವಿನ ಹೆಸರಿನಲ್ಲೋ ಬಂದರೆ ಓದಿಸುತ್ತೇವೆ ಎಂದು ಹೇಳಿ ಕಳಿಸಿದ್ದರು.

"ನೀವು ಏನು ಹೇಳಿ ಕಳಿಸಿದಿರಿ?"

"ಗಂಡ ಕೋಲು ಹಿಡಿದದ್ದು ನನ್ನ ಬೆನ್ನಿಗೆ, ನೀರಿಗಲ್ಲ ಎಂದೆ. ಗುರು ಬೇಕೆಂದರೆ ಹೊಳೆಯ ಹೆಸರು ಹಾಕಿಕೊಳ್ಳಲಿ ಎಂದೆ."

"ಒಂದು ಹೆಸರಿಗೋಸ್ಕರ ಸತ್ಯವನ್ನು ಮೂಲೆಯಲ್ಲಿಟ್ಟಿರಲ್ಲ ಅವ್ವ! ನಿಯಮ ಮಾಡಿದವನೇ ಹೆಸರು ಬರೆದಿಲ್ಲ ಎಂದು ನೀವೇ ಹೇಳಿದ್ದಿರಿ."

"ಅವನಿಗೇನು? ಅವನದನ್ನು ಯಾರೂ ಕದಿಯಲಾರರು."

ನೀರಿನ ಹೊಳಪು ನೋಡಿ ನೋಡಿ ಚಂದಲವ್ವನ ಕಣ್ಣು ಮಂಜಾಗುತ್ತ ಬಂತು. ಬಾನಿಯ ಗೀರನ್ನು ಬೆರಳಿನಿಂದ ಹುಡುಕಬೇಕಾಯಿತು. ಒಂದು ಬೆಳಿಗ್ಗೆ ಅವಳು ಓಲೆಯ ಕಟ್ಟನ್ನು ಬಾಚನ ಮಡಿಲಲ್ಲಿ ಇಟ್ಟಳು.

"ಇನ್ನೊಂದು ಬರೆಯಲು ನನ್ನಿಂದಾಗದು. ಇದು ಇಲ್ಲೇ ಇದ್ದರೆ ಗೆದ್ದಲು ಓದುತ್ತದೆ. ನೀನು ಸಭೆಗೆ ಹೋಗು. ಆದರೆ ಕೊನೆಯ ಸಾಲನ್ನು ಮೊದಲು ಓದಬೇಕು. ಅದನ್ನು ಕೇಳಿದವರಿಗೆ ಮಾತ್ರ ಉಳಿದದ್ದು."

"ಹಾಗೇ ಆಗಲಿ ಅವ್ವ."

"ಆಣೆ ಬೇಡ. ನೀನು ಮಾತು ಕೊಟ್ಟರೆ ಸಾಕು."

"ಕೊಟ್ಟೆ."

ಬಾಚ ಹೋದ. ಮಳೆ ಬಂತು, ನಿಂತಿತು. ಹೊಳೆ ಕೆಂಪಾಗಿ ಹರಿದು ಮತ್ತೆ ತಿಳಿಯಾಯಿತು.

ಅವನು ತಿರುಗಿ ಬಂದಾಗ ಚಂದಲವ್ವ ಮೊಣಕಾಲುದ್ದ ನೀರಿನಲ್ಲಿ ನಿಂತು ಸೀರೆ ಹಿಂಡುತ್ತಿದ್ದಳು. ಹೆಜ್ಜೆಯ ಸದ್ದಿಗೆ ತಲೆ ಎತ್ತಿದಳು. ಮೆಟ್ಟಿಲ ಮೇಲೆ ಏನೋ ಹಳದಿಯಾಗಿ ಮಿನುಗಿತು.

"ಬಾಚನೇ? ಮೈಮೇಲೆ ಏನದು?"

"ಶಾಲು ಅವ್ವ. ಜರಿಯದು. ಸಭೆಯವರು ಹೊದಿಸಿದರು."

ಚಂದಲವ್ವ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡಳು. "ಮೊದಲು ಯಾವ ಸಾಲು ಓದಿದೆ?"

"ಕೊನೆಯದನ್ನೇ ಓದಿದೆ. ನಿಮ್ಮಾಣೆ."

"ಆಣೆ ಬೇಡ ಎಂದಿದ್ದೆ. ಓದಿದ ಮೇಲೆ?"

"ನಕ್ಕರು. ಹೊಳೆಯ ದಂಡೆಯ ಹೆಂಗಸು ಬಟ್ಟೆ ಒಗೆಯುವಾಗ ಕಂಡದ್ದೋ, ಪಾತ್ರೆ ಬೆಳಗುವಾಗ ಕಂಡದ್ದೋ ಎಂದು ಕೇಳಿದರು. ಊಟದ ಹೊತ್ತೂ ಆಗಿತ್ತು. ಎದ್ದರು."

"ಎದ್ದರು. ಆಮೇಲೆ?"

"ಇದು ನನ್ನದು ಎಂದೆ."

"ಆಗ?"

"ಕೂತರು."

ಹೊಳೆ ಹರಿಯುತ್ತಿತ್ತು.

"ಪೂರ್ತಿ ಕೇಳಿದರೇ?" ಚಂದಲವ್ವನ ದನಿ ಸಣ್ಣದಾಗಿತ್ತು.

"ಸಂಜೆಯವರೆಗೂ ಕೇಳಿದರು. ಬಾನಿ ತರಿಸಿದರು, ಕೋಲು ತರಿಸಿದರು."

"ಓರೆ ಹೆಚ್ಚಿದಂತೆ ಡೊಂಕು ಹೆಚ್ಚುವುದನ್ನು ನೋಡಿದರೇ?"

"ನೋಡಿದರು ಅವ್ವ. ಒಬ್ಬ ಹಿರಿಯರು, ಇಡೀ ಆಯುಷ್ಯ ಈ ಕೋಲಿನ ಉದಾಹರಣೆ ಕೊಟ್ಟೆ, ಒಂದು ದಿನವೂ ಕೋಲು ಹಿಡಿದು ನೋಡಲಿಲ್ಲವಲ್ಲ ಎಂದು ಅತ್ತುಬಿಟ್ಟರು."

ಚಂದಲವ್ವನ ಮುಖ ಅರಳಿತು. ಮಂಜುಗಣ್ಣು ಒದ್ದೆಯಾಯಿತು.

"ಅತ್ತು ಯಾರ ಕಾಲಿಗೆ ಬಿದ್ದರು?"

ಬಾಚ ಶಾಲಿನ ಅಂಚು ಹಿಡಿದುಕೊಂಡ. "ನನ್ನ ಕಾಲಿಗೆ."

"ಹಾಂ."

"ಸತ್ಯ ಸಭೆಗೆ ಮುಟ್ಟಿತಲ್ಲ ಅವ್ವ. ಅದಲ್ಲವೇ ದೊಡ್ಡದು?"

"ದೊಡ್ಡದು."

"ಮತ್ತೆ?"

"ಕೊನೆಯ ಸಾಲೂ ಸತ್ಯವೇ ಆಗಿತ್ತು."

"ನಾನು ಮಾಡಿದೆ, ನಾನು ಬರೆದೆ, ನಾನು ನೋಡಿದೆ ಎನ್ನುವುದೇ ಮಾಯೆಯಲ್ಲವೇ? ಕರ್ತೃ ಅಂತ ಯಾರಿದ್ದಾರೆ ಈ ಲೋಕದಲ್ಲಿ?"

"ಯಾರೂ ಇಲ್ಲದಿದ್ದರೆ ಆ ಶಾಲು ಯಾರ ಹೆಗಲ ಮೇಲಿದೆಯಪ್ಪ?"

ಬಾಚ ಜಾರುತ್ತಿದ್ದ ಶಾಲನ್ನು ಮೇಲೆಳೆದುಕೊಂಡ.

"ಕೊನೆಯ ಓಲೆ ಎಲ್ಲಿ?"

"ಸಭೆಯವರು ಪುಸ್ತಕವನ್ನು ಪ್ರತಿ ಮಾಡಿಸುತ್ತೇವೆ ಎಂದರು. ಅದಕ್ಕೆ ಅದೊಂದನ್ನು ಕಟ್ಟಿನಿಂದ ಬಿಡಿಸಿದೆ."

"ಬಿಡಿಸಿ?"

"ಅಲ್ಲಿಯ ಕೆರೆಗೆ ಹಾಕಿದೆ."

"ಮುಳುಗಿತೋ, ತೇಲಿತೋ?"

"ನೋಡಲಿಲ್ಲ ಅವ್ವ."

"ನೋಡಬೇಕಿತ್ತು," ಎಂದಳು ಚಂದಲವ್ವ. "ಬೇರೇನು ಕಲಿಸಿದ್ದೆ ನಿನಗೆ?"

ಬಾಚ ಮೆಟ್ಟಿಲ ಮೇಲೆ ಮಂಡಿಯೂರಿದ.

"ನನ್ನನ್ನು ಅಲ್ಲಿಯೇ ಪಾಠ ಹೇಳಲು ಇರಿಸಿಕೊಳ್ಳುತ್ತಾರೆ. ಪೀಠ ಕೊಡುತ್ತಾರೆ. ಆದರೆ ಪೀಠ ಏರುವವನು ಮೊದಲು ತನ್ನ ಗುರುವಿನ ಕಾಲು ಮುಟ್ಟಿ ಬರಬೇಕು. ಅದು ಅಲ್ಲಿಯ ಪದ್ಧತಿ. ಮುಟ್ಟದೆ ಮುಟ್ಟಿದೆ ಎಂದು ಹೇಳಲು ನನಗಾಗಲಿಲ್ಲ. ಅದಕ್ಕೇ ಬಂದೆ."

"ಅಷ್ಟು ನಿಯತ್ತು ಉಳಿದಿದೆ. ಗುರು ಯಾರೆಂದು ಕೇಳಲಿಲ್ಲವೇ?"

"ಕೇಳಿದರು."

"ಏನೆಂದೆ?"

"ಹೊಳೆಯ ದಂಡೆಯಲ್ಲಿ ಒಬ್ಬರು ಹಿರಿಯರಿದ್ದಾರೆ ಎಂದೆ."

"ಒಬ್ಬರು ಹಿರಿಯರು," ಎಂದಳು ಚಂದಲವ್ವ, ಆ ಮಾತಿನ ರುಚಿ ನೋಡುವವಳಂತೆ. "ಗಡ್ಡ ಇದೆ ಎಂದುಕೊಂಡಿರಬೇಕು ಪಾಪ."

ಬಾಚನಿಗೆ ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ. "ದಡಕ್ಕೆ ಬನ್ನಿ ಅವ್ವ. ಕಾಲು ಮುಟ್ಟುತ್ತೇನೆ."

"ಪೀಠ ನಿನಗೆ ಬೇಕಾದದ್ದು. ನಾನು ಯಾಕೆ ಬರಲಿ? ಇಲ್ಲೇ ನಿಂತಿದ್ದೇನೆ. ನೀರು ತಿಳಿಯಾಗಿದೆ. ಕಾಣುತ್ತಿದೆಯಲ್ಲ ಕಾಲು?"

"ಕಾಣುತ್ತಿದೆ."

"ಮುಟ್ಟು. ಬೇಡ ಎನ್ನುವುದಿಲ್ಲ."

ಅವಳು ಮೆಟ್ಟಿಲ ಹತ್ತಿರಕ್ಕೆ ಸರಿದು ನಿಂತಳು. ಬಾಚ ಒಂದು ಕೈಯಲ್ಲಿ ಶಾಲನ್ನು ಒಟ್ಟುಮಾಡಿ ಎದೆಗೆ ಒತ್ತಿಕೊಂಡ. ಇನ್ನೊಂದು ಕೈಯನ್ನು ನೀರಿಗೆ ಇಳಿಸಿದ. ಅವಳ ಪಾದಗಳು ಅಲ್ಲೇ ಇದ್ದವು. ಸುಕ್ಕುಗಟ್ಟಿದ ಚರ್ಮ, ಸವೆದ ಉಗುರು, ಬೆರಳ ಸಂದಿನ ಮರಳು, ಎಲ್ಲವೂ ಕಾಣುತ್ತಿತ್ತು.

ಮಣಿಕಟ್ಟು ಮುಳುಗಿತು. ಕೈಗೆ ನೀರು ಮಾತ್ರ ಸಿಕ್ಕಿತು.

ಮೊಣಕೈ ಮುಳುಗಿತು. ಆಗಲೂ ನೀರೇ.

ಇನ್ನು ಬಾಗಿದರೆ ಶಾಲು ಹೊಳೆಗೆ ಬೀಳುತ್ತಿತ್ತು. ಬಾಚ ಅಲ್ಲಿಗೇ ನಿಂತ. ತಲೆ ಎತ್ತಿ ಚಂದಲವ್ವನ ಮುಖ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ. ನೀರನ್ನು ನೋಡುತ್ತಿದ್ದಳು, ಯಾವಾಗಲೂ ನೋಡುತ್ತಿದ್ದಂತೆ.

"ನಿನ್ನ ಪುಸ್ತಕದ ಮೊದಲ ಸಾಲು ಹೇಳಿಕೊಂಡು ಕೈ ಇಳಿಸು, ಬಾಚ."